ಸೊಂಟದಲ್ಲಿ ಆರು, ಚೀಲದಲ್ಲಿ ಮೂರು: ಫ್ಲ್ಯಾಟ್ ಟಾಪ್ಸ್ ಬೆಟ್ಟದಲ್ಲಿ ಎಲ್ಕ್ ಶಿಕಾರಿ

ಶುಕ್ರವಾರ: ರೈಫಲ್ ಎಂಬ ಊರು ದಾಟಿ

ಕೊಲರಾಡೊದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಎರಡನೇ ರೈಫಲ್ ಸೀಸನ್ ಅಕ್ಟೋಬರ್ ಕೊನೆಗೆ ಒಂದು ಶನಿವಾರ ಶುರುವಾಗುತ್ತದೆ. ಹಿಂದಿನ ದಿನ ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿ ತುಂಬ ಟ್ರೇಲರ್ ಎಳೆಯುವ ಪಿಕಪ್‌ಗಳೇ. ಡ್ಯಾಶ್‌ಬೋರ್ಡ್ ಮೇಲೆ ಕಿತ್ತಳೆ ಬಣ್ಣದ ಟೋಪಿ, ಹಿಂದೆ ಐಸ್ ಪೆಟ್ಟಿಗೆ, ಕಟ್ಟಿಗೆ, ಕ್ಯಾನ್ವಾಸ್ ಟೆಂಟು. ನಾವೂ ಅದೇ ಸಾಲಿನಲ್ಲಿದ್ದೆವು.

ನಾವು ಅಂದರೆ ಅಣ್ಣ ಮತ್ತು ನಾನು. ಸ್ವಂತ ಅಣ್ಣ ಅಲ್ಲ. ಮಡಿಕೇರಿ ಕಡೆಯ ಕೊಡವರು, ಅರವತ್ತು ದಾಟಿದ್ದಾರೆ. ಅಮೆರಿಕಕ್ಕೆ ಬಂದು ಬಹಳ ವರ್ಷವಾಯಿತು, ಇಲ್ಲಿನ ಪ್ರಜೆಯೂ ಹೌದು. ನಾನು ಕೊಪ್ಪದವನು, ಇನ್ನೂ ಎಚ್-1ಬಿ ವೀಸಾದಲ್ಲಿದ್ದೇನೆ. ಕೋವಿ ಅವರದು, ಲೈಸೆನ್ಸು ಅವರದು, ಹೊಡೆದ ಎಲ್ಕಿಗೆ ಕಟ್ಟುವ ಟ್ಯಾಗ್ ಚೀಟಿಯೂ ಅವರದೇ. ನನ್ನ ಕೆಲಸ ದುರ್ಬೀನು ಹಿಡಿದು ಹುಡುಕುವುದು, ಮಿಕ ಬಿದ್ದರೆ ಮಾಂಸ ಹೊರುವುದು.

ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅದರ ಆಚೆ ಹಿಮ ಉದುರುತ್ತಿತ್ತು. ಗ್ಲೆನ್‌ವುಡ್ ಕಣಿವೆಗೆ ಇಳಿಯುವಾಗ ಬಿಸಿಲು. ಕೊಲರಾಡೊ ನದಿಯ ಪಕ್ಕದಲ್ಲಿ ಹೋಗಿ ರೈಫಲ್ ಅನ್ನುವ ಊರಿನಲ್ಲಿ ಹೆದ್ದಾರಿ ಬಿಟ್ಟೆವು. ಊರಿನ ಹೆಸರೇ ಅದು. ಅಲ್ಲಿಂದ 13ನೇ ನಂಬರ್ ರಸ್ತೆಯಲ್ಲಿ ಉತ್ತರಕ್ಕೆ ಒಂದು ಗಂಟೆಯೊಳಗೆ ಮೀಕರ್ ಬರುತ್ತದೆ. ವೈಟ್ ರಿವರ್ ದಂಡೆಯ ಸಣ್ಣ ಪಟ್ಟಣ. ಅದೇ ವರ್ಷ ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ 1901ರಲ್ಲಿ ಬೆಟ್ಟದ ಸಿಂಹದ (ಪ್ಯೂಮಾ) ಬೇಟೆಗೆ ಬಂದಾಗ ಇಲ್ಲಿನ ಮೀಕರ್ ಹೋಟೆಲಿನಲ್ಲಿ ಉಳಿದುಕೊಂಡಿದ್ದರು. ಹೋಟೆಲು ಈಗಲೂ ಇದೆ.

ಊಟಕ್ಕೆ ಕೂತ ಕಡೆ ಪಕ್ಕದ ಮೇಜಿನಲ್ಲಿ ದನ ಸಾಕುವ ಅಜ್ಜ ಒಬ್ಬರಿದ್ದರು. ಅವರೇ ಮಾತಿಗೆ ಎಳೆದರು. ಯಾವ ಕಡೆ ಹೋಗ್ತೀರಿ, ಯಾವ ಕೋವಿ, ಟೆಂಟಿನಲ್ಲಿ ಒಲೆ ಇದೆಯಾ ಅಂತ ಒಂದೊಂದಾಗಿ ಕೇಳಿದರು. ಒಲೆ ಇದೆ ಅಂದಾಗ ಕಾಫಿ ಕೆಳಗಿಟ್ಟರು.

"ಹಾಗಾದರೆ ಕೋವಿ, ತೋಟಾ ಎರಡನ್ನೂ ಟೆಂಟಿನ ಒಳಗೆ ತರಬೇಡಿ. ರಾತ್ರಿ ಬಿಸಿಗೆ ಬೆವರುತ್ತವೆ. ಬೆಳಗ್ಗೆ ಹೊರಗೆ ತೆಗೆದ ಕೂಡಲೇ ಆ ಬೆವರು ಮಂಜುಗಡ್ಡೆ ಆಗುತ್ತದೆ. ತೋಟಾ ಒಳಗೆ ತಳ್ಳುವ ನನ್ನ ಕೋವಿಯ ಬೋಲ್ಟು ಹಾಗೇ ಕಚ್ಚಿಕೊಂಡಿತ್ತು, ಗಂಡು ಎಲ್ಕ್ ಎದುರಿಗೇ ನಿಂತಿತ್ತು."

ಅಣ್ಣ ತಲೆದೂಗಿದರು. ಇಬ್ಬರೂ ಸುಮಾರು ಹೊತ್ತು ಅದೇ ಮಾತಾಡಿದರು. ಕೋವಿಯನ್ನೂ ತೋಟಾವನ್ನೂ ಗಾಡಿಯಲ್ಲೇ ಬೀಗ ಹಾಕಿ ತಣ್ಣಗೆ ಇಡುವುದು ಒಳ್ಳೆಯದು ಅನ್ನುವುದು ಇಬ್ಬರ ಅಭಿಪ್ರಾಯ. ಇಲ್ಲಿನ ಕಾನೂನಿನ ಪ್ರಕಾರ ಗಾಡಿಯೊಳಗಿನ ರೈಫಲಿನ ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ, ಖಾಲಿ ಇರಲೇಬೇಕು.

ಮೀಕರಿನಿಂದ ಪೂರ್ವಕ್ಕೆ ನದಿ ಜೊತೆಗೇ ರಸ್ತೆ ಏರುತ್ತದೆ. ಹುಲ್ಲುಗಾವಲು, ಹುಲ್ಲಿನ ದೊಡ್ಡ ಉಂಡೆಗಳು, ಎಲೆ ಉದುರಿದ ಆಸ್ಪೆನ್ ಮರಗಳು. ಬ್ಯೂಫರ್ಡ್ ದಾಟಿದ ಮೇಲೆ ಫೋನಿಗೆ ಸಿಗ್ನಲ್ ಇಲ್ಲ, ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಬೇಕು. ಕತ್ತಲಾಗುವ ಮೊದಲು ಕಾಡಿನ ರಸ್ತೆ ಪಕ್ಕ ಸಮತಟ್ಟು ಜಾಗ ಹುಡುಕಿ ಬಿಡಾರ ಹೂಡಿದೆವು.

ಟೆಂಟು ನಿಂತ ಮೇಲೆ ಅಣ್ಣ ಪಿಕಪ್ಪಿನ ಹಿಂಬಾಗಿಲು ಇಳಿಸಿ ಒಂದು ಬಿಳಿ ಟವೆಲ್ ಹಾಸಿದರು. ಅದರ ಮೇಲೆ ತೋಟಾದ ಪೆಟ್ಟಿಗೆ ಬಿಚ್ಚಿದರು. ಇಪ್ಪತ್ತು ತೋಟಾ, .30-06 ಅನ್ನುವ ಅಳತೆಯವು. ಅಮೆರಿಕದ ಸೈನ್ಯಕ್ಕೆ 1906ರಲ್ಲಿ ಬಂದ ತೋಟಾ ಇದು. ಅಣ್ಣ ಇದನ್ನೇ ಆರಿಸಿಕೊಂಡಿರುವುದಕ್ಕೆ ಒಂದು ಕಾರಣ, ಎಂಥ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ.

ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದರು. ಮೊದಲು ಬುಡದಲ್ಲಿ ಕೆತ್ತಿದ ಅಳತೆ ಓದುವುದು. ಆಮೇಲೆ ಕತ್ತಿನ ಹತ್ತಿರ ತಗ್ಗು ಬಿದ್ದಿದೆಯಾ, ಗುಂಡು ಸಡಿಲ ಇದೆಯಾ, ಹಿತ್ತಾಳೆಗೆ ಕಿಲುಬು ಹಿಡಿದಿದೆಯಾ ಅಂತ ಹೆಬ್ಬೆರಳಲ್ಲಿ ಸವರುವುದು. ಅಂಗಡಿಯಿಂದ ಬಂದ ಹೊಸ ಪೆಟ್ಟಿಗೆ, ಆದರೂ ಒಂದನ್ನೂ ಬಿಡಲಿಲ್ಲ.

ಆಮೇಲೆ ಪಾಲು ಮಾಡಿದರು. ನಾಲ್ಕು ಬೆಳಗ್ಗೆ ಮ್ಯಾಗಜೀನಿಗೆ, ಅಂದರೆ ಕೋವಿಯ ತೋಟಾ ಗೂಡಿಗೆ, ಹೋಗುವವು. ಆರು ಸೊಂಟದ ಚೀಲಕ್ಕೆ. ಮೂರನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಬೆನ್ನುಚೀಲದ ಮುಚ್ಚಳದಲ್ಲಿ ಇಟ್ಟರು. ಉಳಿದ ಏಳು ಪೆಟ್ಟಿಗೆಯಲ್ಲೇ, ಗಾಡಿಯಲ್ಲಿ.

"ಆ ಮೂರು ಯಾಕೆ ಬೇರೆ?" ಅಂತ ಕೇಳಿದೆ.

"ಅದು ಎಲ್ಕಿಗೆ ಅಲ್ಲ ಮಾರಾಯ, ನಮಗೆ. ದಾರಿ ತಪ್ಪಿದರೆ, ಕಾಲು ಮುರಿದರೆ, ಒಂದೇ ಅಂತರ ಬಿಟ್ಟು ಮೂರು ಈಡು. ಈ ಕಾಡಿನಲ್ಲಿ ಇರುವವರಿಗೆಲ್ಲ ಅದರ ಅರ್ಥ ಗೊತ್ತು."

ಕವರನ್ನು ನನ್ನ ಚೀಲದಲ್ಲಿ ಇಡುತ್ತೇನೆ, ನಿಮಗೆ ಭಾರ ಕಡಿಮೆ ಆಗಲಿ ಅಂದೆ. ಕೈ ಅಡ್ಡ ಹಿಡಿದರು. ಇಲ್ಲಿ ಇರುವ ನಮ್ಮ ಹುಡುಗರು ಇದನ್ನು ತಿಳಿದುಕೊಂಡಿರಬೇಕು. ವಲಸಿಗರಲ್ಲದ ವೀಸಾದಲ್ಲಿ ಇರುವವರು ಕೋವಿಯಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳಬಾರದು ಅನ್ನುತ್ತದೆ ಫೆಡರಲ್ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನನ್ನ ಹತ್ತಿರ ಅದು ಇರಲಿಲ್ಲ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೊಳವೆಯೂ ಆ ಕಾನೂನಿನ ಲೆಕ್ಕದಲ್ಲಿ ತೋಟಾದ ಜೊತೆಗೇ ಬರುತ್ತದೆ. ಹಾಗಾಗಿ ಪ್ರವಾಸದುದ್ದಕ್ಕೂ ನಾನು ಒಂದು ತೋಟಾವನ್ನೂ ಹೊರಲಿಲ್ಲ. ಅಣ್ಣ ಹೇಗೆ ಹೊರುತ್ತಾರೆ ಅಂತ ನೋಡಿದೆ.

ಊರಲ್ಲಿ ನಮ್ಮ ಅಜ್ಜನದು ಒಂದು ಜೋಡು ನಳಿಗೆ ತೋಟಾ ಕೋವಿ ಇತ್ತು, ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ಎಷ್ಟು ತೋಟಾ ಕೊಂಡರು ಅಂತ ಅಂಗಡಿಯವರು ಪುಸ್ತಕದಲ್ಲಿ ಬರೆದು ಕೊಡುತ್ತಿದ್ದರು. ಎಲೆಕ್ಷನ್ ಬಂದರೆ ಕೋವಿ ಸ್ಟೇಷನ್ನಿಗೆ. ಅಜ್ಜ ತೋಟಾ ಲೆಕ್ಕ ಇಡುತ್ತಿದ್ದದ್ದು ಸರ್ಕಾರಕ್ಕಾಗಿ. ಇಲ್ಲಿ ಕೇಳುವವರು ಯಾರೂ ಇಲ್ಲ, ಆದರೂ ಅಣ್ಣನ ಲೆಕ್ಕ ಅಜ್ಜನದಕ್ಕಿಂತ ಬಿಗಿ.

ರಾತ್ರಿ ಊಟ ಮನೆಯಿಂದ ತಂದ ಪಂದಿ ಕರಿ. ಅಕ್ಕ ಫ್ರೀಜ್ ಮಾಡಿ ಕೊಟ್ಟಿದ್ದರು. ಕಾಚಂಪುಳಿಯ ಹುಳಿ, ಹುರಿದ ಮಸಾಲೆಯ ಕಪ್ಪು ಬಣ್ಣ. ಒಲೆಯ ಮೇಲೆ ಅಕ್ಕಿ ರೊಟ್ಟಿ ಬಿಸಿ ಮಾಡಿಕೊಂಡು ತಿಂದೆವು. ತೋಟಾ, ಕೋವಿ ಎರಡೂ ಗಾಡಿಯಲ್ಲಿ ತಣ್ಣಗಿದ್ದವು.

ಶನಿವಾರ: ಹಿಮದಲ್ಲಿ ಬಿದ್ದ ಮ್ಯಾಗಜೀನು

ನಾಲ್ಕಕ್ಕೆ ಎದ್ದೆವು. ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಉಪ್ಪಿಟ್ಟು ಬಿಸಿ ಇರುವಾಗಲೇ ನುಂಗಿ ಹೊರಟೆವು. ಕೊಲರಾಡೊದಲ್ಲಿ ರೈಫಲ್ ಬೇಟೆಗಾರರು ಸೊಂಟದ ಮೇಲೆ 500 ಚದರ ಇಂಚಿನಷ್ಟಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಬೇಕು, ಟೋಪಿಯೂ ಅದೇ ಬಣ್ಣ. ಜೊತೆಗೆ ಹೋಗುವವರೂ ತೊಡುವುದು ಕ್ಷೇಮ. ನಾನೂ ತೊಟ್ಟಿದ್ದೆ.

ಒಂದು ಮೈಲಿ ಹೋಗುವುದರಲ್ಲಿ ಫ್ಲ್ಯಾಟ್ ಟಾಪ್ಸ್ ವಿಲ್ಡರ್‌ನೆಸ್ ಅನ್ನುವ ಸಂರಕ್ಷಿತ ಕಾಡಿನ ಬೋರ್ಡು. ಇಲ್ಲಿಂದ ಒಳಗೆ ಯಾವ ಮೋಟಾರು ಗಾಡಿಯೂ ಹೋಗುವ ಹಾಗಿಲ್ಲ. ಇದಕ್ಕೊಂದು ಹಳೆಯ ಕಥೆ ಇದೆ. ಹತ್ತಿರದಲ್ಲೇ ಟ್ರ್ಯಾಪರ್ಸ್ ಲೇಕ್ ಅಂತ ಕೆರೆ. 1919ರಲ್ಲಿ ಅರಣ್ಯ ಇಲಾಖೆ ಆರ್ಥರ್ ಕಾರ್ಹಾರ್ಟ್ ಅನ್ನುವವರನ್ನು ಕೆರೆಯ ಸುತ್ತ ಬೇಸಿಗೆ ಮನೆಗಳಿಗೆ ಸರ್ವೆ ಮಾಡಲು ಕಳಿಸಿತು. ಅವರು ನೋಡಿ ಬಂದು, ಇಲ್ಲಿ ಏನನ್ನೂ ಕಟ್ಟಬೇಡಿ ಅಂದರು. ಕೆರೆ ಹಾಗೇ ಉಳಿಯಿತು. 2002ರ ಬೆಂಕಿಯಲ್ಲಿ ಸುತ್ತಲಿನ ಕಾಡು ಸುಟ್ಟಿತು. ಬೂದು ಬಣ್ಣದ ಒಣ ಮರಗಳು ಈಗಲೂ ಸಾಲಾಗಿ ನಿಂತಿವೆ, ಬಿದ್ದವೂ ಬೇಕಾದಷ್ಟಿವೆ. ಗಾಡಿ ಬರುವುದಿಲ್ಲ ಅಂದ ಮೇಲೆ ಮೈ ಮೇಲೆ ಇರುವುದಷ್ಟೇ ನಿಮ್ಮದು. ಗಾಡಿಯಲ್ಲಿ ಬಿಟ್ಟದ್ದು ಎರಡು ಗಂಟೆ ದೂರ.

ಕತ್ತಲಲ್ಲಿ ಹಿಂದಿನಿಂದ ಯಾರೋ ಬಂದರು. ಹೆಜ್ಜೆಗಿಂತ ಮೊದಲು ಕೇಳಿಸಿದ್ದು ಜೇಬಿನ ಕಿಣಿಕಿಣಿ. ತೋಟಾಗಳನ್ನು ಹಾಗೇ ಕೋಟಿನ ಜೇಬಿಗೆ ಸುರಿದುಕೊಂಡಿದ್ದರು. ಅವರು ಮುಂದೆ ಹೋಗಲಿ ಅಂತ ದಾರಿ ಬಿಟ್ಟೆವು. ಬಹಳ ಹೊತ್ತು ಆ ಸದ್ದು ಮರಗಳ ನಡುವೆ ಕೇಳುತ್ತಲೇ ಇತ್ತು. ಎಲ್ಕಿನ ಕಿವಿ ನಮ್ಮದಕ್ಕಿಂತ ಎಷ್ಟು ಚುರುಕು! ಜೇಬಿನಲ್ಲಿ ಸದ್ದು ಒಂದೇ ತೊಂದರೆ ಅಲ್ಲ. ಬ್ರೆಡ್ಡಿನ ಪುಡಿ, ದಾರದ ಎಳೆ, ಮರಳು ತೋಟಾಕ್ಕೆ ಅಂಟಿ ಹಾಗೇ ಚೇಂಬರಿಗೆ ಹೋಗುತ್ತವೆ.

ಅಣ್ಣನ ಚೀಲ ದಪ್ಪ ಬಟ್ಟೆಯದು. ಬೆಲ್ಟಿನಲ್ಲಿ ಬಲಗಡೆ, ಸ್ವಲ್ಪ ಮುಂದಕ್ಕೆ. ಮುಚ್ಚಳ ತೆಗೆದರೆ ಒಳಗೆ ಆರು ಎಲಾಸ್ಟಿಕ್ ಕುಣಿಕೆ. ಪ್ರತಿಯೊಂದರಲ್ಲೂ ತೋಟಾ ತಲೆಕೆಳಗಾಗಿ ನಿಂತಿರುತ್ತದೆ, ಬುಡ ಮೇಲೆ, ಮೂತಿ ಕೆಳಗೆ. ಕೈಗವಸು ಹಾಕಿದ ಬೆರಳಿಗೂ ಬುಡದ ಅಂಚು ಸಿಗುತ್ತದೆ. ನೋಡದೆಯೇ ತೆಗೆಯಬಹುದು. ಚೀಲಕ್ಕೆ ವೆಲ್ಕ್ರೋ ಇಲ್ಲ, ಗುಂಡಿ ಇದೆ. ವೆಲ್ಕ್ರೋ ಕಿತ್ತರೆ ಕಾಡಿಗೆಲ್ಲ ಕೇಳುತ್ತದೆ. ಮೊದಲು ಚರ್ಮದ ಬೆಲ್ಟು ಕಟ್ಟುತ್ತಿದ್ದರಂತೆ. ಅದರಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ ಅಂತ ಬಿಟ್ಟರು. ಚರ್ಮದ್ದೇ ಬೇಕು ಅನ್ನುವವರು ಬೇಟೆ ಮುಗಿದ ದಿನವೇ ತೋಟಾ ತೆಗೆದು ಪೆಟ್ಟಿಗೆಗೆ ಹಾಕಬೇಕು.

ಬೆಳಕು ಹರಿದಾಗ ಎದುರಿನ ಗುಡ್ಡದಲ್ಲಿ ಎಲ್ಕ್ ಹಿಂಡು ಕಂಡಿತು. ಹೆಣ್ಣುಗಳೇ ಜಾಸ್ತಿ. ಎಲ್ಕ್ ಅಂದರೆ ನಮ್ಮ ಕಡವೆಯ ನೆಂಟ, ಅದಕ್ಕಿಂತ ದೊಡ್ಡದು. ಬಲಿತ ಗಂಡು 300 ಕಿಲೋ ದಾಟುತ್ತದೆ. ಹಿಂಡಿನ ಹಿಂದೆ ಗಂಡು ಇತ್ತು, ಆದರೆ ತೀರಾ ದೂರ. ಅಣ್ಣ 250 ಗಜದ ಆಚೆ ಈಡು ಹೊಡೆಯುವುದಿಲ್ಲ. ನೋಡುತ್ತ ಕೂತೆವು. ಹಿಂಡು ಮೇಯುತ್ತ ದಟ್ಟವಾದ ಕಪ್ಪು ಕಾಡಿನೊಳಗೆ ಹೋಯಿತು.

ಮಧ್ಯಾಹ್ನ ಒಬ್ಬ ಯುವಕ ಎದುರಾದ, ಟೆಕ್ಸಸ್‌ನಿಂದ ಬಂದವನು. ನೆಲ ನೋಡಿಕೊಂಡೇ ನಡೆಯುತ್ತಿದ್ದ. ಅವನ ಕೋವಿಯದು ಬಿಚ್ಚಿ ತೆಗೆಯುವ ಮ್ಯಾಗಜೀನು. ಹೆಗಲಲ್ಲಿ ಹೊತ್ತು ನಡೆಯುವಾಗ ಬಿಡುಗಡೆಯ ಗುಂಡಿ ಬೆಲ್ಟಿಗೆ ಒತ್ತಿ ಎಲ್ಲೋ ಬಿದ್ದಿದೆ. ತೋಟಾ ಎಲ್ಲಾ ಅದರಲ್ಲೇ. ಇನ್ನೊಂದು ಮ್ಯಾಗಜೀನು ಅವನ ಗಾಡಿಯಲ್ಲಿ.

ನಮ್ಮ ಹತ್ತಿರ ತೋಟಾ ಇತ್ತು, ಕೊಡಲು ಆಗುವುದಿಲ್ಲ. ಅವನದು 6.5 ಕ್ರೀಡ್‌ಮೂರ್, ನಮ್ಮದು .30-06. ಕಾಡಿನಲ್ಲಿ ನೀರು ಕೊಡಬಹುದು, ರೊಟ್ಟಿ ಕೊಡಬಹುದು, ತೋಟಾ ಕೊಡಬೇಕಾದರೆ ಬುಡದ ಅಕ್ಷರ ಒಂದೇ ಆಗಿರಬೇಕು. ತಪ್ಪು ತೋಟಾ ಕೋವಿಯನ್ನೇ ಸಿಡಿಸಬಹುದು.

ಅವನ ಹೆಜ್ಜೆ ಗುರುತು ಹಿಡಿದು ಮೂವರೂ ಹಿಂದಕ್ಕೆ ನಡೆದೆವು. ಗೇಣುದ್ದ ಹಿಮ. ಅವನು ಕಾಫಿ ಕುಡಿಯಲು ಕೂತಿದ್ದ ದಿಮ್ಮಿಯ ಬುಡದಲ್ಲಿ ಹಿಮಕ್ಕೆ ಒಂದು ಸೀಳು. ಕೈ ಹಾಕಿದರೆ ಮ್ಯಾಗಜೀನು ಸಿಕ್ಕಿತು, ಒಳಗೆಲ್ಲ ಹಿಮ ತುಂಬಿತ್ತು. ಅವನು ಹಾಗೇ ಕೋವಿಗೆ ಸಿಕ್ಕಿಸಲು ಹೊರಟಾಗ ಅಣ್ಣ ತಡೆದರು. ತೋಟಾ ಎಲ್ಲಾ ಹೊರಗೆ ತೆಗೆಸಿ, ಒಣ ಬಟ್ಟೆಯಲ್ಲಿ ಒರೆಸಿಸಿ, ಸ್ಪ್ರಿಂಗು ಕೊಡವಿಸಿದರು. ಒದ್ದೆ ತೋಟಾ ಚೇಂಬರಿಗೆ ಹೋಗಬಾರದು, ಬೋಲ್ಟಿನ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ. ನಳಿಗೆಯೊಳಗೆ ಹಿಮ ಇದೆಯಾ ಅಂತಲೂ ನೋಡಿಸಿದರು. ಅಣ್ಣನ ನಳಿಗೆಯ ಬಾಯಿಗೆ ಎಲೆಕ್ಟ್ರಿಕ್ ಟೇಪಿನ ಒಂದು ತುಂಡು ಅಂಟಿಸಿರುತ್ತಾರೆ. ಹಿಮ, ಮಣ್ಣು ಒಳಗೆ ಹೋಗುವುದಿಲ್ಲ, ಈಡು ಹೊಡೆಯುವಾಗ ತೆಗೆಯುವುದೂ ಬೇಡ.

ಹೊರಡುವ ಮೊದಲು ಆ ಹುಡುಗ ಎರಡು ತೋಟಾ ತೆಗೆದು ಎದೆಯ ಜೇಬಿಗೆ ಹಾಕಿ ಜಿಪ್ ಎಳೆದ. ಮ್ಯಾಗಜೀನು ಹೋದರೂ ಅಂಥ ಕೋವಿಗೆ ಸಾಮಾನ್ಯವಾಗಿ ಒಂದೊಂದೇ ತೋಟಾ ಕೈಯಿಂದ ಹಾಕಿ ಹೊಡೆಯಬಹುದು. ಬೇರೆ ಜಾಗದಲ್ಲಿ ಎರಡು ಇದ್ದರೆ ಸಾಕು.

ಭಾನುವಾರ: ಏಳು ಈಡು, ಒಂದು ರಟ್ಟಿನ ಪೆಟ್ಟಿಗೆ

ಬೆಳಗ್ಗೆ ಮಂಜು ಕವಿದಿತ್ತು. ಸುಟ್ಟ ಕಾಡಿನ ಬಿದ್ದ ಮರಗಳನ್ನು ದಾಟುವುದೇ ದೊಡ್ಡ ಕೆಲಸ. ಒಂದು ದಿಮ್ಮಿಯ ಮೇಲೆ ತೊಗಟೆ ಇರಲಿಲ್ಲ, ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅಣ್ಣ ಜಾರಿದರು. ಮೊಣಕೈ ಊರಿ ಬಿದ್ದರು, ಕೋವಿಯ ಮೇಲಿನ ಗುರಿ ನೋಡುವ ಸ್ಕೋಪು ಕಲ್ಲಿಗೆ ಬಡಿಯಿತು. ಟಕ್ ಅನ್ನುವ ಸದ್ದು ನನಗೂ ಕೇಳಿಸಿತು.

ನಾನು ಮೊಣಕೈ ನೋಡುತ್ತಿದ್ದರೆ ಅವರು ಸ್ಕೋಪು ನೋಡುತ್ತಿದ್ದರು. ಗಾಜು ಒಡೆದಿಲ್ಲ, ಹೊರಗೆ ಒಂದು ಗೀರು ಅಷ್ಟೇ.

"ಸರಿ ಇದೆ ಅಲ್ವಾ?" ಅಂದೆ.

"ಕಣ್ಣಿಗೆ ಸರಿ ಇದೆ. ಗುರಿ ಸರಿ ಇದೆಯಾ ಅಂತ ಹೊಡೆದು ನೋಡದೆ ಗೊತ್ತಾಗಲ್ಲ. ಇವತ್ತು ಇದನ್ನು ಯಾವ ಪ್ರಾಣಿಯ ಕಡೆಗೂ ಎತ್ತಲ್ಲ."

ಎರಡು ಗಂಟೆ ನಡೆದು ಬಿಡಾರಕ್ಕೆ ವಾಪಸ್. ನ್ಯಾಷನಲ್ ಫಾರೆಸ್ಟಿನಲ್ಲಿ ಮನೆ, ಕ್ಯಾಂಪು, ಜನ ಇರುವ ಜಾಗದಿಂದ 150 ಗಜದ ಒಳಗೆ ಗುಂಡು ಹಾರಿಸುವಂತಿಲ್ಲ. ರಸ್ತೆಗೆ, ನೀರಿಗೆ ಅಡ್ಡವಾಗಿಯೂ ಹಾರಿಸುವಂತಿಲ್ಲ. ಗಾಡಿ ತೆಗೆದುಕೊಂಡು ಹೋಗಿ, ಹಿಂದೆ ಎತ್ತರದ ಮಣ್ಣಿನ ದರೆ ಇರುವ ಜಾಗ ಹುಡುಕಿದೆವು. ಬಾಳೆಹಣ್ಣು ತಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕಪ್ಪು ಟೇಪಿನಲ್ಲಿ ಕೂಡಿಸುವ ಚಿಹ್ನೆ ಮಾಡಿ 100 ಗಜದಲ್ಲಿ ಇಟ್ಟೆ.

ಅಣ್ಣ ಬೆನ್ನುಚೀಲವನ್ನು ನೆಲಕ್ಕಿಟ್ಟು ಅದರ ಮೇಲೆ ಕೋವಿ ಊರಿ ಮಲಗಿದರು. ಮೂರು ಈಡು. ನಿಧಾನಕ್ಕೆ, ನಡುವೆ ನಳಿಗೆ ತಣ್ಣಗಾಗಲು ಬಿಟ್ಟು. ಮೂರು ತೂತೂ ಒಟ್ಟಿಗೇ ಇದ್ದವು, ಆದರೆ ಟೇಪಿನಿಂದ 20 ಸೆಂಟಿಮೀಟರ್ ಬಲಕ್ಕೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೂರು ಗಜಕ್ಕೆ 20 ಆದರೆ ಇನ್ನೂರಕ್ಕೆ 40. ಎದೆಗೆ ಅಂತ ಹೊಡೆದದ್ದು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ತಾಗಿದ ಎಲ್ಕ್ ಮೈಲಿಗಟ್ಟಲೆ ಹೋಗಿ, ಗಂಟೆಗಟ್ಟಲೆ ನರಳಿ ಸಾಯುತ್ತದೆ.

ಸ್ಕೋಪಿನ ತಿರುಪು ತಿರುಗಿಸಿ ಇನ್ನೊಂದು ಈಡು. ಇನ್ನೂ ಸ್ವಲ್ಪ ಬಲಕ್ಕಿತ್ತು. ಮತ್ತೆ ತಿರುಗಿಸಿ ಮೂರು. ಮೂರೂ ಟೇಪಿನ ಮೇಲೆ ಬಿದ್ದವು. ಒಟ್ಟು ಏಳು. ಗಾಡಿಯ ಪೆಟ್ಟಿಗೆ ಖಾಲಿ.

ಮೀಸಲು ತೋಟಾ ಅಂದರೆ ಜಾಸ್ತಿ ಈಡು ಹೊಡೆಯುವುದಕ್ಕೆ ಅಂತ ತಿಳಿದವರು ಬಹಳ. ನಾನು ನೋಡಿದ ಮಟ್ಟಿಗೆ ಅದರ ದೊಡ್ಡ ಉಪಯೋಗ ಇದೇ. ಅಷ್ಟು ದೂರ ಬಂದು, ಪೆಟ್ಟಿಗೆಯಲ್ಲಿ ಏಳು ಇಲ್ಲದಿದ್ದರೆ ಎರಡೇ ದಾರಿ: ಊರಿಗೆ ವಾಪಸ್ ಹೋಗುವುದು, ಇಲ್ಲಾ ಗುರಿ ತಪ್ಪಿದ ಕೋವಿಯಲ್ಲಿ ಬೇಟೆ ಆಡುವುದು. ಇನ್ನೊಂದು ವಿಷಯ. ಮೀಸಲು ತೋಟಾ ಅದೇ ಕಂಪನಿಯದು, ಅದೇ ತೂಕದ ಗುಂಡಿನದು ಆಗಿರಬೇಕು. ಅಣ್ಣನದು 165 ಗ್ರೇನ್ (ಸುಮಾರು 10.7 ಗ್ರಾಂ) ತಾಮ್ರದ ಗುಂಡು. ಬೇರೆ ಗುಂಡು ಹಾಕಿದರೆ ಅದೇ ಕೋವಿ ಬೇರೆ ಜಾಗಕ್ಕೆ ಹೊಡೆಯಬಹುದು, ಆಗ ಈ ಪರೀಕ್ಷೆಗೆ ಅರ್ಥವೇ ಇಲ್ಲ.

ಸಂಜೆಗೆ ಹಿಮ ಜೋರಾಯಿತು. ಟೆಂಟಿನ ಬಟ್ಟೆಯ ಮೇಲೆ ಸುಯ್ ಅಂತ ಜಾರುವ ಸದ್ದು. ಅನ್ನ, ಸಾರು, ಸುಟ್ಟ ಹಪ್ಪಳ. ಒಲೆ ಪಕ್ಕ ಅಣ್ಣ ಅವರ ಅಪ್ಪನ ಕಾಲದ ಒಂದು ಸಂಗತಿ ಹೇಳಿದರು, ಬೇಟೆ ನಿಷೇಧ ಆಗುವುದಕ್ಕಿಂತ ಮೊದಲಿನದು. ಮಳೆಗಾಲದಲ್ಲಿ ಗದ್ದೆಗೆ ಬಿದ್ದ ಹಂದಿಗೆ ಜೋಡು ನಳಿಗೆಯಲ್ಲಿ ಎರಡೂ ಈಡು ಹೊಡೆದರು. ಹಂದಿ ಬಿತ್ತು, ಎದ್ದಿತು. ಮೂರನೇ ತೋಟಾ ನಳಿಗೆಗೆ ಹೋಗಲಿಲ್ಲ. ಆಗ ಕಾಗದದ ತೋಟಾ, ತೇವಕ್ಕೆ ಉಬ್ಬಿತ್ತು. ಜೇಬಿನಲ್ಲಿ ಇದ್ದವೆಲ್ಲ ಹಾಗೇ. ಹಂದಿ ಕುಂಟುತ್ತ ಲಂಟಾನ ಪೊದೆಯೊಳಗೆ ನುಗ್ಗಿತು. ನಾಯಿ ಬಿಟ್ಟರೂ ಸಿಗಲಿಲ್ಲ. ಆಮೇಲೆ ವಾಸನೆ ಬಂದಾಗ ಸಿಕ್ಕಿತು.

"ಅಪ್ಪ ಆ ವಾರ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಯಾವತ್ತೂ ಪ್ರತಿ ತೋಟಾವನ್ನೂ ನಳಿಗೆಗೆ ಹಾಕಿ, ಹೊರಗೆ ತೆಗೆದು, ಟಿನ್ ಡಬ್ಬಿಯಲ್ಲಿ ಇಟ್ಟುಕೊಂಡೇ ಹೊರಡುತ್ತಿದ್ದರು."

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವರ ಮನೆಯ ಕೋವಿಗಳು ಹೊರಗೆ ಬರುವುದು ಹಬ್ಬಕ್ಕೆ. ಸೆಪ್ಟೆಂಬರಿನ ಕೈಲ್‌ಪೊಳ್ದ್‌ಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಅದು ಹಾಗೇ ಇರಬೇಕು ಅಂತ ಅಣ್ಣನೂ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ನಮ್ಮ ಕಾಡಿನಲ್ಲಿ ಉಳಿದಿರುವುದು ಕಡಿಮೆ. ಇಲ್ಲಿ ಎಷ್ಟು ಎಲ್ಕ್ ಇವೆ ಅಂತ ಅಂದಾಜು ಮಾಡಿ, ಅದಕ್ಕೆ ತಕ್ಕ ಹಾಗೆ ಲೈಸೆನ್ಸ್ ಕೊಡುತ್ತಾರೆ. ಆ ದುಡ್ಡು ವನ್ಯಜೀವಿ ಇಲಾಖೆಗೆ ಹೋಗುತ್ತದೆ.

ಸೋಮವಾರ: ಮೂರನೇ ಈಡು

ಹಿಮ ನಿಂತು ಆಕಾಶ ತೊಳೆದ ಹಾಗಿತ್ತು. ಗಾಳಿ ನಮ್ಮ ಮುಖಕ್ಕೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಈಡು ಹೊಡೆಯಬಹುದು, ಅಷ್ಟರಲ್ಲಿ ಆಸ್ಪೆನ್ ತೋಪಿನ ಅಂಚಿನಲ್ಲಿ ಕೂತಿದ್ದೆವು.

ಮೊದಲು ನನಗೆ ಕಂಡಿತು. ಬಿಳಿ ಮರಗಳ ನಡುವೆ ಕಂದು ಬೆನ್ನು. ಆಮೇಲೆ ಕೊಂಬು. ಈ ಭಾಗದಲ್ಲಿ ಗಂಡು ಎಲ್ಕ್ ಹೊಡೆಯಬೇಕಾದರೆ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲು ಇರಬೇಕು, ಇಲ್ಲವೇ ಹಣೆಯ ಕವಲು ಐದು ಇಂಚು ಇರಬೇಕು. ನಾನು ದುರ್ಬೀನಿನಲ್ಲಿ ಎರಡು ಸಲ ಎಣಿಸಿದೆ. ಎರಡೂ ಕಡೆ ಐದೈದು. ಅಣ್ಣ ತಾವೂ ಎಣಿಸಿದರು. ದೂರ 180 ಗಜ.

ಮೊದಲ ಈಡಿಗೆ ಎಲ್ಕ್ ಕದಲಲಿಲ್ಲ, ಬೆನ್ನು ಸ್ವಲ್ಪ ಬಾಗಿತು. ಬೋಲ್ಟು ಎಳೆದು ಎರಡನೇ ಈಡು. ಅದು ತಿರುಗಿ ಮೂರು ನೆಗೆತಕ್ಕೆ ಕಪ್ಪು ಕಾಡಿನೊಳಗೆ ಹೋಯಿತು.

ಆಮೇಲೆ ಅಣ್ಣ ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಓಡಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಕಣ್ಣು ಎಲ್ಕ್ ಮರೆಯಾದ ಮರದ ಮೇಲೆಯೇ ಇತ್ತು. ಬಲಗೈ ಸೊಂಟಕ್ಕೆ ಹೋಯಿತು, ಚೀಲದ ಗುಂಡಿ ಬಿಚ್ಚಿತು, ಬೆರಳು ಮೊದಲ ಬುಡ ಹಿಡಿದು ಎಳೆಯಿತು. ಮ್ಯಾಗಜೀನಿಗೆ ಒತ್ತಿದರು, ಕ್ಲಿಕ್. ಇನ್ನೊಂದು, ಕ್ಲಿಕ್. ಈಗ ಕೋವಿಯಲ್ಲಿ ಮತ್ತೆ ನಾಲ್ಕು. ಖಾಲಿ ಕೊಳವೆ ಎರಡನ್ನೂ ಹಿಮದಿಂದ ಹೆಕ್ಕಿ ಇನ್ನೊಂದು ಜೇಬಿಗೆ ಹಾಕಿದರು. ತುಂಬಿದ್ದು, ಖಾಲಿ ಎರಡೂ ಒಂದೇ ಜೇಬಿಗೆ ಹೋಗಬಾರದು. ಅವಸರದಲ್ಲಿ ಕೈಗೆ ಖಾಲಿಯದೇ ಬರುತ್ತದೆ.

ಅರ್ಧ ಗಂಟೆ ಕಾದೆವು. ಗಾಯವಾದ ಮಿಕವನ್ನು ಕೂಡಲೇ ಬೆನ್ನಟ್ಟಿದರೆ ಅದು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ದೂರ ಹೋಗುತ್ತದೆ. ಆ ಅರ್ಧ ಗಂಟೆ ಬಹಳ ಉದ್ದ. ಯಾರೂ ಮಾತಾಡಲಿಲ್ಲ.

ಹಿಮದ ಮೇಲೆ ರಕ್ತದ ಜಾಡು ಸ್ಪಷ್ಟವಾಗಿತ್ತು. ನೊರೆ ನೊರೆಯಾಗಿ, ಗುಲಾಬಿ ಬಣ್ಣ. ಶ್ವಾಸಕೋಶದ್ದು ಅಂತ ಅಣ್ಣ ಪಿಸುಗುಟ್ಟಿದರು. ನೂರು ಹೆಜ್ಜೆ ಹೋಗುವುದರಲ್ಲಿ ಕಂಡಿತು. ಒಂದು ಸ್ಪ್ರೂಸ್ ಮರದ ಬುಡದಲ್ಲಿ ಮಲಗಿತ್ತು, ತಲೆ ಎತ್ತಿಕೊಂಡು. ಬದುಕಿತ್ತು. ಮೂಗಿನಿಂದ ಉಗಿ ಬರುತ್ತಿತ್ತು. ಏಳಲು ಮುಂಗಾಲು ಊರಿತು, ಆಗಲಿಲ್ಲ.

ಅಣ್ಣ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಂಡಿ ಊರಿ ಮೂರನೇ ಈಡು ಹೊಡೆದರು. ತಲೆ ಹಿಮಕ್ಕೆ ಇಳಿಯಿತು.

ಅವರು ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತರು. ನಾನೂ ನಿಂತೆ. ಎರಡು ಈಡೂ ಬೀಳಬೇಕಾದ ಜಾಗದಲ್ಲೇ ಬಿದ್ದಿದ್ದವು. ಬಹಳ ಹೊತ್ತು ಬದುಕುತ್ತಿರಲಿಲ್ಲ, ನಿಜ. ಆದರೆ ಆ ಇನ್ನೊಂದು ಹತ್ತು ನಿಮಿಷ ಅದರ ಪಾಲಿಗೆ ಏನು ಅಂತ ಅದರ ಕಣ್ಣು ನೋಡಿದವರಿಗೆ ಗೊತ್ತಾಗುತ್ತದೆ. ಬೇಟೆಗೆ ಹೊರಡುವವನು ಒಂದೇ ಈಡಿಗೆ ಬೀಳಿಸುತ್ತೇನೆ ಅಂತ ನಾಲ್ಕೇ ತೋಟಾ ಹಿಡಿದು ಹೊರಟರೆ ನಾನು ಅವನ ಜೊತೆ ಹೋಗುವುದಿಲ್ಲ. ಮೀಸಲು ತೋಟಾ ಆ ಪ್ರಾಣಿಗೆ ನಾವು ಕೊಡಬೇಕಾದ ಬಾಕಿ. .30-06 ತೋಟಾ ಒಂದಕ್ಕೆ 30 ಗ್ರಾಂ ಕೂಡ ಇಲ್ಲ. ಆರು ತೋಟಾ ಒಂದು ಸೇಬಿನಷ್ಟು ಭಾರ.

ಟ್ಯಾಗಿಗೆ ಸಹಿ ಹಾಕಿ ಕಟ್ಟಿದ ಮೇಲೆ ಕೋವಿ ಪೂರ್ತಿ ಖಾಲಿ ಮಾಡಿ, ತೋಟಾಗಳನ್ನು ಚೀಲಕ್ಕೆ ಸೇರಿಸಿ, ಮರಕ್ಕೆ ಒರಗಿಸಿದರು. ಚಾಕು ಕೆಲಸ ಶುರು. ಚರ್ಮ ಬಿಡಿಸಿ ನಾಲ್ಕು ಕಾಲು, ಬೆನ್ನಿನ ಮಾಂಸ, ಕತ್ತು ಎಲ್ಲಾ ಬಟ್ಟೆ ಚೀಲಕ್ಕೆ. ಗಂಡು ಅಂತ ತೋರಿಸುವ ಗುರುತು ಮಾಂಸದ ಜೊತೆಗೇ ಉಳಿಯಬೇಕು ಅನ್ನುವುದು ನಿಯಮ. ತಿನ್ನುವ ಮಾಂಸ ಬಿಟ್ಟು ಬರುವುದು ಅಪರಾಧ. ಬೂದು ಬಣ್ಣದ ಜೇ ಹಕ್ಕಿಗಳು ಕೈಯ ಹತ್ತಿರಕ್ಕೇ ಬಂದು ಕೊಬ್ಬು ಕಚ್ಚಿಕೊಂಡು ಹೋದವು. ಅಣ್ಣ ಸೀಸ ಬಿಟ್ಟು ತಾಮ್ರದ ಗುಂಡು ಬಳಸುವುದು ಇಂಥ ಹಕ್ಕಿಗಳಿಗಾಗಿಯೇ. ಸೀಸದ ಗುಂಡು ಚೂರು ಚೂರಾಗಿ ಕರುಳಿನ ರಾಶಿಯಲ್ಲಿ ಉಳಿಯುತ್ತದೆ. ಅದನ್ನು ತಿಂದ ಹದ್ದುಗಳಿಗೆ ವಿಷವೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಕೊಲರಾಡೊದಲ್ಲಿ ಅಂಥ ಕಡ್ಡಾಯ ಇಲ್ಲ, ಅಣ್ಣ ತಾವಾಗಿಯೇ ಬದಲಾಯಿಸಿದರು.

ಹಿಂಗಾಲು ಒಂದೇ 30 ಕಿಲೋ ಇರಬಹುದು. ಹೊತ್ತು ಇಳಿದು, ಮತ್ತೆ ಹತ್ತಿ, ಕೊನೆಯ ಹೊರೆ ತರುವಾಗ ಕತ್ತಲಾಗಿತ್ತು. ಬೆನ್ನುಚೀಲದ ಮುಚ್ಚಳದ ಆ ಮೂರು ತೋಟಾವನ್ನು ಅಣ್ಣ ಕೊನೆಯ ಸಲವೂ ಹೊತ್ತೇ ಬಂದರು.

ಆ ರಾತ್ರಿ ತಿಂದದ್ದು ಮತ್ತೆ ಪಂದಿ ಕರಿಯೇ. ಎಲ್ಕ್, ಜಿಂಕೆಗಳಿಗೆ ಇಲ್ಲಿ ಮಿದುಳಿನ ಒಂದು ರೋಗ ಇದೆ. ಪರೀಕ್ಷೆಯ ಫಲಿತಾಂಶ ಬರುವ ತನಕ ಅಣ್ಣ ಮಾಂಸ ಮುಟ್ಟುವುದಿಲ್ಲ.

ಮಂಗಳವಾರ: ಹತ್ತು ಸಿಗಬೇಕು

ಹೊರಡುವ ಮೊದಲು ಮತ್ತೆ ಹಿಂಬಾಗಿಲು, ಮತ್ತೆ ಬಿಳಿ ಟವೆಲ್. ಇಪ್ಪತ್ತರಲ್ಲಿ ಗುರಿ ಸರಿ ಮಾಡಲು ಏಳು, ಎಲ್ಕಿಗೆ ಮೂರು. ಹತ್ತು ತೋಟಾ, ಹತ್ತು ಖಾಲಿ ಕೊಳವೆ ಸಿಗಬೇಕು. ಕೊಳವೆ ಹತ್ತೂ ಇದ್ದವು. ತೋಟಾ ಒಂಬತ್ತೇ.

ಅಣ್ಣ ಟೆಂಟು ಕಟ್ಟುವುದನ್ನು ನಿಲ್ಲಿಸಿದರು. ಸೊಂಟದ ಚೀಲ, ಬೆನ್ನುಚೀಲ, ಕೋಟು, ಪ್ಯಾಂಟು, ಗಾಡಿಯ ಬಾಗಿಲಿನ ಗೂಡು. ಕೊನೆಗೆ ಮಳೆ ಕೋಟಿನ ಒಳಜೇಬಿನಲ್ಲಿ ಸಿಕ್ಕಿತು. ಇಷ್ಟು ಹುಡುಕುವುದಕ್ಕೆ ಕಾರಣ ಇದೆ. ಅದೇ ಚೀಲ, ಅದೇ ಕೋಟು ಡಿಸೆಂಬರಿನಲ್ಲಿ ಊರಿಗೆ ಹೊರಡುತ್ತವೆ. ಮರೆತು ಉಳಿದ ಒಂದು ತೋಟಾ ನಮ್ಮ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಸೀದಾ ಪೊಲೀಸರ ಕೈಗೆ, ಆಯುಧ ಕಾಯ್ದೆಯ ಕೇಸು. ಬೇಟೆಗೆ ಒಂದು ಚೀಲ, ಪ್ರಯಾಣಕ್ಕೆ ಇನ್ನೊಂದು ಇಟ್ಟುಕೊಂಡರೆ ಈ ಭಯವೇ ಇಲ್ಲ.

ಮೀಕರಿನ ವನ್ಯಜೀವಿ ಕಚೇರಿಯಲ್ಲಿ ಎಲ್ಕಿನ ತಲೆಯನ್ನು ಪರೀಕ್ಷೆಗೆ ಕೊಟ್ಟೆವು. ರೈಫಲ್ ಊರಿನಲ್ಲಿ ಡೀಸೆಲ್ ಹಾಕಿಸುವಾಗ ಅಣ್ಣ ಎದುರಿನ ಬೇಟೆ ಸಾಮಾನಿನ ಅಂಗಡಿಗೆ ನಡೆದರು. ನಾನೂ ಹೋದೆ. ಅದೇ ಕಂಪನಿ, ಅದೇ 165 ಗ್ರೇನ್ ತಾಮ್ರ. ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ಅಚ್ಚಾದ ಲಾಟ್ ನಂಬರ್, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದು ಅನ್ನುವ ನಂಬರ್, ಓದಿದರು. ಬೇರೆ ಲಾಟು.

"ಪರವಾಗಿಲ್ಲ. ಆಗಸ್ಟಿನಲ್ಲಿ ರೇಂಜಿಗೆ ಹೋಗಿ ಹೊಡೆದು ನೋಡೋಣ. ಮುಂದಿನ ಸಲ ಗಾಡಿಯಲ್ಲಿ ಏಳು ಸಾಲಲ್ಲ, ಒಂದು ಪೂರ್ತಿ ಪೆಟ್ಟಿಗೆ ಇರಬೇಕು," ಅಂದರು.

ಎರಡು ಪೆಟ್ಟಿಗೆ ಕೊಂಡು, ರಸೀದಿಯನ್ನು ಅದರೊಳಗೇ ಮಡಚಿಟ್ಟು, ಗಾಡಿಯ ಹಿಂದಿನ ಪೆಟ್ಟಿಗೆಗೆ ಬೀಗ ಹಾಕಿದರು. ನಾನು ದಾರಿಯಲ್ಲಿ ಫೋನ್ ತೆಗೆದು ಹಂಟರ್ ಎಜುಕೇಷನ್ ಕ್ಲಾಸಿಗೆ ಹೆಸರು ನೋಂದಾಯಿಸಿದೆ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಅದು ಇಲ್ಲದೆ ಇಲ್ಲಿ ಸಾಮಾನ್ಯವಾಗಿ ಬೇಟೆ ಲೈಸೆನ್ಸ್ ಸಿಗುವುದಿಲ್ಲ.